ನಕ್ಷತ್ರ ಸಿಡಿದು ಎರಡು ಕೋಟಿ ವರ್ಷವಾಯಿತು, ಈಗೇಕೆ ಅವಸರ?

ಆಕಾಶದಲ್ಲಿ ಎಲ್ಲೋ ಒಂದು ನಕ್ಷತ್ರ ಸಿಡಿಯಿತು ಎಂಬ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಪ್ರಶ್ನೆಯೂ ಬರುತ್ತದೆ. "ಅದು ಎರಡು ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ ಅಂತೀರಿ. ಅಂದರೆ ಅದು ಸಿಡಿದು ಎರಡು ಕೋಟಿ ವರ್ಷ ಆಗಿಹೋಗಿದೆ. ಇಷ್ಟು ಹಳೇ ಸುದ್ದಿಗೆ ವಿಜ್ಞಾನಿಗಳು ರಾತ್ರೋರಾತ್ರಿ ಎದ್ದು ಓಡಾಡೋದು ಯಾಕೆ? ಮುಂದಿನ ವಾರ ನೋಡಿದರೆ ಆಗೋದಿಲ್ಲವೇ?"

ಕೇಳಲು ತಮಾಷೆ ಅನ್ನಿಸಿದರೂ ಇದು ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ನಮ್ಮ ಹರಪನಹಳ್ಳಿಯ ರೈಲ್ವೆ ಸ್ಟೇಷನ್ನೇ ಸಾಕು. ಹೊಸಪೇಟೆಯಿಂದ ಕೊಟ್ಟೂರು ದಾಟಿ ಹರಿಹರದ ಕಡೆ ಹೋಗುವ ರೈಲು ಹೊಸಪೇಟೆ ಬಿಟ್ಟು ಎಷ್ಟೋ ಹೊತ್ತಾಗಿರುತ್ತದೆ. ಹಾಗಂತ ನಾವು ಸ್ಟೇಷನ್ನಿಗೆ ನಿಧಾನ ಹೋದರೆ ನಡೆಯುತ್ತದೆಯೇ? ಅದು ಎಲ್ಲಿಂದ ಯಾವಾಗ ಹೊರಟಿತು ಎನ್ನುವುದು ಬೇರೆ ಲೆಕ್ಕ, ನಮ್ಮ ಪ್ಲಾಟ್‌ಫಾರ್ಮಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು ಬೇರೆ ಲೆಕ್ಕ. ನಕ್ಷತ್ರದ ಬೆಳಕಿಗೂ ಅದೇ ಮಾತು. ಸಿಡಿದ ಮೊದಲ ಗಂಟೆಯ ಬೆಳಕು ಎರಡು ಕೋಟಿ ವರ್ಷ ನಡೆದು ಬಂದು ಒಂದು ಗಂಟೆ ನಮ್ಮನ್ನು ದಾಟುತ್ತದೆ, ಅದರ ಹಿಂದೆ ಎರಡನೇ ಗಂಟೆಯ ಬೆಳಕು ಬರುತ್ತದೆ. ದಾಟಿಹೋದದ್ದನ್ನು ಹಿಂದಕ್ಕೆ ಕರೆಯುವ ಉಪಾಯ ಯಾರ ಹತ್ತಿರವೂ ಇಲ್ಲ.

ಹೀಗೆ ಒಂದೇ ಸಲ ಬಂದು ಹೋಗುವ ಬೆಳಕನ್ನು ಹಿಡಿಯಲು, ನೂರಾರು ಜನ ಹಂಚಿಕೊಂಡು ಬಳಸುವ ಒಂದು ದೊಡ್ಡ ದೂರದರ್ಶಕವನ್ನು ಇದ್ದಕ್ಕಿದ್ದಂತೆ ತಿರುಗಿಸುವುದು ಹೇಗೆ? ಯಾರನ್ನು ಕೇಳಬೇಕು? ಯಾರ ಪಾಳಿಯನ್ನು ಕಿತ್ತುಕೊಳ್ಳಬೇಕು? ನಾವು ಇಲ್ಲಿ ಬರೆಯುತ್ತಿರುವುದು ಆ ಬಗ್ಗೆ.

ಅಮಾವಾಸ್ಯೆಯ ಆ ರಾತ್ರಿ

2023ರ ಮೇ 19, ಶುಕ್ರವಾರ. ಮರುದಿನ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಹೊಸ ಸರ್ಕಾರದ ಪ್ರಮಾಣವಚನ ಇತ್ತು, ರಾಜ್ಯದ ಟಿವಿಗಳಲ್ಲೆಲ್ಲ ಅದರದೇ ಮಾತು. ಅಂದು ಅಮಾವಾಸ್ಯೆ. ರಾತ್ರಿ ಹನ್ನೊಂದರ ಹೊತ್ತಿಗೆ ಜಪಾನಿನ ಕೊಇಚಿ ಇಟಾಗಾಕಿ ಎಂಬ ಹವ್ಯಾಸಿ ವೀಕ್ಷಕರು ತಮ್ಮ ದೂರದರ್ಶಕದಲ್ಲಿ ತೆಗೆದ ಚಿತ್ರವೊಂದರಲ್ಲಿ, ಮೊದಲು ಇಲ್ಲದ ಒಂದು ಚುಕ್ಕಿ ಇತ್ತು. ಇಟಾಗಾಕಿ ಇಂಥ ಸಿಡಿತಗಳನ್ನು ಹುಡುಕುವುದರಲ್ಲಿ ಪಳಗಿದ ಕೈ.

ಚುಕ್ಕಿ ಇದ್ದದ್ದು ಎಂ101 ಎಂಬ ಗ್ಯಾಲಕ್ಸಿಯಲ್ಲಿ. ಅದು ಎಲ್ಲಿದೆ ಎಂದು ಗುರುತು ಹೇಳುವುದು ಸುಲಭ. ಮದುವೆಯಲ್ಲಿ ಮದುಮಕ್ಕಳಿಗೆ ತೋರಿಸುವ ಅರುಂಧತಿ ಗೊತ್ತಲ್ಲ? ಅವಳ ಪಕ್ಕದ ವಸಿಷ್ಠ, ಸಪ್ತರ್ಷಿ ಮಂಡಲದ ಬಾಲದ ತುದಿಯ ಮರೀಚಿ, ಇವೆರಡರ ಜೊತೆ ಒಂದು ತ್ರಿಕೋನ ಎಳೆದರೆ ಮೂರನೇ ಮೂಲೆಯಲ್ಲಿ ಎಂ101 ಇದೆ. ದೂರ ಸುಮಾರು 2.1 ಕೋಟಿ ಜ್ಯೋತಿರ್ವರ್ಷ. ಗ್ಯಾಲಕ್ಸಿಗಳ ಲೆಕ್ಕದಲ್ಲಿ ಇದು ಪಕ್ಕದ ಓಣಿ. ಇಷ್ಟು ಹತ್ತಿರದಲ್ಲಿ, ಹೈಡ್ರೋಜನ್ ತುಂಬಿದ ಭಾರೀ ನಕ್ಷತ್ರವೊಂದು ಕುಸಿದು ಸಿಡಿಯುವುದು ಕಾಣಸಿಗುವುದು ಅಪರೂಪ. ಇದಕ್ಕೆ ಎಸ್‌ಎನ್ 2023ಐಎಕ್ಸ್‌ಎಫ್ ಎಂದು ಹೆಸರು ಬಿತ್ತು. (ಹತ್ತಿರ ಅಂದರೆ ಭೂಮಿಗೆ ಅಪಾಯವೇ ಎಂದು ವಾಟ್ಸಾಪಿನಲ್ಲಿ ಸಂದೇಶಗಳು ಓಡಾಡುವುದುಂಟು. ಏನೂ ಇಲ್ಲ. ಅಷ್ಟು ದೂರದಿಂದ ಅದು ಬರಿಗಣ್ಣಿಗೂ ಕಾಣಲಿಲ್ಲ.)

ವರದಿ ಜಗತ್ತಿಗೆಲ್ಲ ಹೊರಬೀಳುವಷ್ಟರಲ್ಲಿ ನಮ್ಮಲ್ಲಿ ಬೆಳಗಿನ ಜಾವ. ಭಾರತದ ಆಕಾಶ ಬೆಳ್ಳಗಾಗುವ ಹೊತ್ತಿಗೆ ಕೆನರಿ ದ್ವೀಪಗಳಲ್ಲಿ ಇನ್ನೂ ಮಧ್ಯರಾತ್ರಿ ಆಗಿರಲಿಲ್ಲ. ಅಲ್ಲಿನ ಲಿವರ್‌ಪೂಲ್ ಟೆಲಿಸ್ಕೋಪ್ ಅದೇ ರಾತ್ರಿ ಬೆಳಕನ್ನು ಬಿಡಿಸಿ, ಇದು ಎರಡನೇ ಬಗೆಯ ಸೂಪರ್‌ನೋವಾ ಎಂದು ಹೇಳಿತು. ಲಿವರ್‌ಪೂಲ್ ಯಂತ್ರ ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತದೆ, ಪಕ್ಕದಲ್ಲಿ ಮನುಷ್ಯರು ಕೂತಿರಬೇಕೆಂದಿಲ್ಲ. ಭಾರತದ ಸರದಿ ಬಂದದ್ದು ಆಮೇಲೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ, ಅದರ ಪಕ್ಕದ 0.7 ಮೀಟರಿನ ಗ್ರೋತ್-ಇಂಡಿಯಾ ದೂರದರ್ಶಕ, ಮೇಲೆ ಸುತ್ತುತ್ತಿರುವ ಆಸ್ಟ್ರೋಸ್ಯಾಟ್ ಉಪಗ್ರಹ ಮೂರೂ ಒಂದಾದ ಮೇಲೊಂದು ಎಂ101ರ ಕಡೆ ತಿರುಗಿದವು.

ಒಂದು ವಾರದಲ್ಲಿ ಅಳಿಸಿಹೋಗುವ ಬರಹ

ಆ ಮೊದಲ ದಿನಗಳಲ್ಲಿ ಅಂಥದ್ದೇನಿತ್ತು? ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಅವಸರದ ಕಾರಣ ಇರುವುದು ಇಲ್ಲೇ.

ಭಾರೀ ನಕ್ಷತ್ರ ಸಾಯುವ ಮುನ್ನ ತನ್ನ ಮೈಮೇಲಿನ ಅನಿಲವನ್ನು ಸುತ್ತಲೂ ಉಗುಳುತ್ತದೆ. ಆಮೇಲೆ ಒಳಗಿನ ತಿರುಳು ಕುಸಿದು ನಕ್ಷತ್ರ ಸಿಡಿದಾಗ ಹೊಮ್ಮುವ ತೀವ್ರ ಬೆಳಕು ಆ ಅನಿಲಕ್ಕೆ ಬಡಿದು ಅದನ್ನು ಹೊಳೆಯಿಸುತ್ತದೆ. ಬೆಳಕನ್ನು ರೋಹಿತವಾಗಿ ಬಿಡಿಸಿದರೆ, ಅಂದರೆ ಕಾಮನಬಿಲ್ಲಿನಂತೆ ಬಣ್ಣ ಬಣ್ಣವಾಗಿ ಹರಡಿ ನೋಡಿದರೆ, ಅಲ್ಲಿ ಸಣ್ಣ ಚೂಪಾದ ಗೆರೆಗಳು ಕಾಣುತ್ತವೆ. ಯಾವ ಧಾತು, ಎಷ್ಟು ದಟ್ಟ, ಎಷ್ಟು ದೂರದವರೆಗೆ ಹರಡಿದೆ ಎಂಬುದನ್ನು ಆ ಗೆರೆಗಳು ಹೇಳುತ್ತವೆ. ಸಾಯುವ ಮುನ್ನಿನ ವರ್ಷಗಳಲ್ಲಿ ನಕ್ಷತ್ರಕ್ಕೆ ಏನಾಗಿತ್ತು ಎಂಬ ರೋಗಿಯ ಕೇಸ್ ಶೀಟ್ ಇದ್ದ ಹಾಗೆ.

ತೊಂದರೆ ಏನೆಂದರೆ, ಸಿಡಿದ ನಕ್ಷತ್ರದ ಚೂರುಗಳು ಸೆಕೆಂಡಿಗೆ ಸುಮಾರು 10,000 ಕಿ.ಮೀ. ವೇಗದಲ್ಲಿ ನುಗ್ಗಿ ಬರುತ್ತಿರುತ್ತವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ತಂಡ 2023ರಲ್ಲೇ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ನಕ್ಷತ್ರದ ಸುತ್ತಲಿನ ದಟ್ಟ ಅನಿಲ ಹರಡಿದ್ದು ಸುಮಾರು 45 ಖಗೋಳಮಾನದವರೆಗೆ. ಭೂಮಿಗೂ ಸೂರ್ಯನಿಗೂ ಇರುವ ದೂರ, ಅಂದರೆ 15 ಕೋಟಿ ಕಿ.ಮೀ., ಒಂದು ಖಗೋಳಮಾನ. ಹಾಗಾದರೆ 45 ಅಂದರೆ 675 ಕೋಟಿ ಕಿ.ಮೀ., ನಮ್ಮ ಪ್ಲೂಟೊದ ಸರಾಸರಿ ದೂರಕ್ಕಿಂತ ತುಸು ಆಚೆ. ಈಗ ನೀವೇ ಭಾಗಿಸಿ ನೋಡಿ: 675 ಕೋಟಿಯನ್ನು 10,000ದಿಂದ ಭಾಗಿಸಿದರೆ 6,75,000 ಸೆಕೆಂಡು, ಹತ್ತಿರ ಹತ್ತಿರ 8 ದಿನ. ಅಷ್ಟರಲ್ಲಿ ಚೂರುಗಳು ಆ ಅನಿಲವನ್ನೆಲ್ಲ ನುಂಗಿರುತ್ತವೆ. ಗೆರೆಗಳು ಮಾಯವಾಗಿರುತ್ತವೆ. ಕೇಸ್ ಶೀಟ್ ಸುಟ್ಟುಹೋಗಿರುತ್ತದೆ.

ಇದು ಒರಟು ಲೆಕ್ಕ, ಆದರೆ ನಿಜವಾಗಿ ನಡೆದದ್ದಕ್ಕೆ ದೂರವಿಲ್ಲ. ಆ ಗೆರೆಗಳು ಸುಮಾರು ಒಂದು ವಾರದಲ್ಲಿ ಮಸುಕಾದವು. ಅಷ್ಟರೊಳಗೆ ಹಿಡಿದ ಬೆಳಕಿನಿಂದ ಮತ್ತು ಆಮೇಲಿನ ವಾರಗಳ ವೀಕ್ಷಣೆಯಿಂದ ತಂಡ ಓದಿದ್ದು ಹೀಗಿದೆ: ಸಿಡಿಯುವ ಎರಡು ದಶಕ ಮೊದಲು ನಕ್ಷತ್ರ ವರ್ಷಕ್ಕೆ ಸೂರ್ಯನ ಸಾವಿರದ ಒಂದು ಭಾಗದಷ್ಟು, ಅಂದರೆ ಸುಮಾರು 330 ಭೂಮಿಗಳ ತೂಕದಷ್ಟು ಅನಿಲವನ್ನು ಕಳೆದುಕೊಳ್ಳುತ್ತಿತ್ತು ಎಂದು ಅಂದಾಜು. ಅದಕ್ಕೂ ಹಿಂದೆ, 35ರಿಂದ 65 ವರ್ಷ ಮೊದಲು, ಉಗುಳಿದ ಇನ್ನೊಂದು ಅನಿಲದ ಚಿಪ್ಪು 75ರಿಂದ 140 ಖಗೋಳಮಾನದ ನಡುವೆ ಇತ್ತು. ಕೋಟಿಗೂ ಮಿಕ್ಕಿ ವರ್ಷ ಬಾಳುವ ನಕ್ಷತ್ರದ ಕೊನೆಯ ಐವತ್ತು ವರ್ಷ ಅಂದರೆ ನಮ್ಮ ಅಜ್ಜಂದಿರ ಬಾಳಿನ ಕೊನೆಯ ಎರಡು ಮೂರು ಗಂಟೆಯ ಲೆಕ್ಕ. ಆ ಗಂಟೆಗಳಲ್ಲಿ ಏನು ನಡೆಯಿತು ಎಂಬುದು ಗೊತ್ತಾದದ್ದು ಸರಿಯಾದ ವಾರದಲ್ಲಿ ಸರಿಯಾದ ದಿಕ್ಕಿಗೆ ದೂರದರ್ಶಕ ತಿರುಗಿತ್ತು ಎಂಬ ಒಂದೇ ಕಾರಣಕ್ಕೆ.

ಕಣ್ಣು ಲಡಾಖಿನಲ್ಲಿ, ಕೈ ಹೊಸಕೋಟೆಯಲ್ಲಿ

ವಿಜ್ಞಾನಿ ಗುಡ್ಡದ ಮೇಲೆ ಕೂತು ಕೊಳವೆಗೆ ಕಣ್ಣಿಟ್ಟು ನೋಡುತ್ತಾನೆ ಎಂಬ ಚಿತ್ರ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಪಠ್ಯಪುಸ್ತಕದ ಗೆಲಿಲಿಯೋನ ಪ್ರಭಾವ ಇರಬೇಕು. ಹಾನ್ಲೆ ಇರುವುದು ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಚಳಿಗಾಲದಲ್ಲಿ ಕೊರೆಯುವ ಥಂಡಿ, ರಾತ್ರಿಯಿಡೀ ಎಚ್ಚರಿದ್ದು ತಲೆ ಓಡಿಸುವ ಜಾಗ ಅಲ್ಲ. ಅದಕ್ಕೇ ವೀಕ್ಷಕರು ಕೂರುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯ ಕ್ರೆಸ್ಟ್ ಎಂಬ ಕೇಂದ್ರದಲ್ಲಿ. ಅಲ್ಲಿಂದ ಹಾನ್ಲೆಗೆ ನೇರ ಗೆರೆ ಎಳೆದರೂ 2,000 ಕಿ.ಮೀ.ಗೂ ಹೆಚ್ಚು. ಉಪಗ್ರಹ ಸಂಪರ್ಕದ ಮೂಲಕ ಆಜ್ಞೆ ಹೋಗುತ್ತದೆ, ಅಲ್ಲಿ ಗೋಪುರ ತಿರುಗುತ್ತದೆ, ಚಿತ್ರ ಇಲ್ಲಿಯ ಪರದೆಗೆ ಬರುತ್ತದೆ. ಯಂತ್ರ ಕೈಕೊಟ್ಟರೆ ನೋಡಿಕೊಳ್ಳಲು ಹಾನ್ಲೆಯಲ್ಲಿ ಎಂಜಿನಿಯರುಗಳು ಇರುತ್ತಾರೆ. 2000ನೇ ಇಸವಿಯ ಸೆಪ್ಟೆಂಬರಿನಲ್ಲಿ ಈ ದೂರದರ್ಶಕ ಮೊದಲ ಬೆಳಕು ಕಂಡಿತು. ನೊಬೆಲ್ ಪುರಸ್ಕೃತ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರನ್ನು ಇದಕ್ಕಿಟ್ಟಿದ್ದಾರೆ.

ಜೂನ್ ತಿಂಗಳಲ್ಲಿ ಹೊಸಕೋಟೆಯ ಹೊರಗೆ ಧೋ ಅಂತ ಮಳೆ ಸುರಿಯುತ್ತಿರುವಾಗ ಒಳಗೆ ಕೂತವರು ನಿಚ್ಚಳ ಆಕಾಶ ನೋಡುತ್ತಿರಬಹುದು. ಹಾನ್ಲೆ ಹಿಮಾಲಯದ ಮಳೆನೆರಳಿನ ಪ್ರದೇಶ. ಹಾಗಂತ ಅಲ್ಲಿ ಮೋಡವೇ ಇಲ್ಲವೆಂದಲ್ಲ. ವರ್ಷದಲ್ಲಿ ರೋಹಿತ ತೆಗೆಯಲು ಆಗುವ ರಾತ್ರಿಗಳು ಸುಮಾರು 260, ಬೆಳಕಿನ ಪ್ರಮಾಣವನ್ನು ಕರಾರುವಾಕ್ಕಾಗಿ ಅಳೆಯಬಹುದಾದ ರಾತ್ರಿಗಳು ಸುಮಾರು 190. ಇಷ್ಟು ರಾತ್ರಿಗಳನ್ನು ದೇಶದ ಖಗೋಳ ವಿಜ್ಞಾನಿಗಳೆಲ್ಲ ಹಂಚಿಕೊಳ್ಳಬೇಕು.

ಪಾಳಿ ಹಂಚುವುದು, ಪಾಳಿ ಮುರಿಯುವುದು

ಹಂಚುವ ಕ್ರಮ ಹೀಗೆ. ವರ್ಷವನ್ನು ನಾಲ್ಕು ನಾಲ್ಕು ತಿಂಗಳ ಮೂರು ಸುತ್ತು ಮಾಡುತ್ತಾರೆ. ಪ್ರತಿ ಸುತ್ತಿಗೂ ಮುಂಚೆ ಅರ್ಜಿ ಕರೆಯುತ್ತಾರೆ. ಏನನ್ನು ನೋಡಬೇಕು, ಏಕೆ, ಎಷ್ಟು ರಾತ್ರಿ, ಚಂದ್ರ ಇದ್ದರೆ ನಡೆಯುತ್ತದೆಯೇ ಎಂದೆಲ್ಲ ಬರೆದು ಕೊಡಬೇಕು. ಒಂದು ಸಮಿತಿ ಕೂತು ಅಳೆದು ತೂಗಿ ರಾತ್ರಿಗಳನ್ನು ಕೊಡುತ್ತದೆ. ಎರಡು ವರ್ಷ ಕಾದ ಪಿಎಚ್‌ಡಿ ವಿದ್ಯಾರ್ಥಿಗೆ ಮೂರು ರಾತ್ರಿ ಸಿಕ್ಕಿದರೆ ಅದೇ ದೊಡ್ಡದು.

ಈಗ ಇದರೊಳಗೆ ಸೂಪರ್‌ನೋವಾ ಬಂತು ಅನ್ನಿ. ಅದು ಅರ್ಜಿ ಹಾಕಿ ಬರುವುದಿಲ್ಲ.

ನಮ್ಮ ಕಡೆ ಮೆಕ್ಕೆಜೋಳದ ಸುಗ್ಗಿಯಲ್ಲಿ ಇದೇ ಪೇಚಾಟ ನಡೆಯುತ್ತದೆ. ಊರಿಗೆ ಒಕ್ಕುವ ಮಷೀನು ಬರುವುದು ಒಂದು. ಯಾರ ಕಣಕ್ಕೆ ಯಾವತ್ತು ಎಂದು ಮೊದಲೇ ಪಾಳಿ ಮಾತಾಡಿರುತ್ತದೆ. ಸಂಜೆ ಮೋಡ ಕಟ್ಟಿತು, ಒಬ್ಬನ ತೆನೆ ಬಯಲಲ್ಲಿ ಬಿದ್ದಿದೆ. ಅವನು ಬಂದು "ಅಣ್ಣಾ, ಇವತ್ತೊಂದು ದಿನ ನನಗೆ ಬಿಟ್ಟುಕೊಡು" ಎಂದಾಗ ಪಾಳಿಯವನು ಏನು ಮಾಡಬೇಕು? ಬಿಟ್ಟುಕೊಟ್ಟರೆ ತನ್ನ ತೆನೆಯೂ ನೆನೆಯಬಹುದು. ಬಿಡದಿದ್ದರೆ ಅವನದು ಪೂರ್ತಿ ಹೋಗುತ್ತದೆ. ಊರಲ್ಲಿ ಇದನ್ನು ಜಗುಲಿ ಮೇಲೆ ಕೂತು ಆ ಕ್ಷಣಕ್ಕೆ ಬಗೆಹರಿಸಿಕೊಳ್ಳುತ್ತಾರೆ, ಇಲ್ಲವೇ ವರ್ಷಗಟ್ಟಲೆ ಮಾತು ಬಿಡುತ್ತಾರೆ.

ಖಗೋಳ ವಿಜ್ಞಾನಿಗಳು ಕಂಡುಕೊಂಡ ದಾರಿ ಏನೆಂದರೆ, ಜಗಳವನ್ನು ಮೊದಲೇ ಆಡಿ ಮುಗಿಸುವುದು. ಇದಕ್ಕೆ ಅವರು ಟಾರ್ಗೆಟ್ ಆಫ್ ಆಪರ್ಚುನಿಟಿ ಎನ್ನುತ್ತಾರೆ. ನಾವು ತುರ್ತು ಪಾಳಿ ಎನ್ನೋಣ. ಇನ್ನೂ ನಡೆಯದ ಘಟನೆಗೆ ಮುಂಚಿತವಾಗಿ ಅರ್ಜಿ ಹಾಕುವ ವಿಚಿತ್ರ ಪದ್ಧತಿ ಇದು. "ಇಷ್ಟು ದೂರದೊಳಗೆ, ಇಂಥ ಬಗೆಯ ಸೂಪರ್‌ನೋವಾ, ಸಿಡಿದ ಇಷ್ಟು ದಿನದೊಳಗೆ ಪತ್ತೆಯಾದರೆ, ನಮಗೆ ಇಂಥ ಉಪಕರಣದಲ್ಲಿ ಇಷ್ಟು ಗಂಟೆ ಬೇಕು. ಈ ಸುತ್ತಿನಲ್ಲಿ ಇಂಥದ್ದು ಎರಡಕ್ಕಿಂತ ಹೆಚ್ಚು ಕೇಳುವುದಿಲ್ಲ." ಸಮಿತಿ ಒಪ್ಪಿದರೆ ಅದು ಖಾಲಿ ಚೆಕ್ಕಿನಂತೆ ಕೈಯಲ್ಲಿರುತ್ತದೆ. ನಾಲ್ಕು ತಿಂಗಳಲ್ಲಿ ಏನೂ ಸಿಡಿಯದಿದ್ದರೆ ಚೆಕ್ಕು ರದ್ದು.

ಆ ಅರ್ಜಿಯಲ್ಲಿ ಬಹಳ ಮುಖ್ಯವಾದದ್ದು "ಆದರೆ" ಎಂಬ ಷರತ್ತು. ಅದನ್ನು ಸಡಿಲ ಬರೆದರೆ ಕೆಲಸಕ್ಕೆ ಬಾರದ ಚುಕ್ಕಿಗೂ ದೂರದರ್ಶಕ ತಿರುಗಿಸುವ ಆಸೆ ಹುಟ್ಟುತ್ತದೆ. ತೀರಾ ಬಿಗಿ ಬರೆದರೆ ಎಂಥ ಒಳ್ಳೆಯ ಘಟನೆ ಬಂದರೂ ಷರತ್ತಿಗೆ ಹೊಂದುವುದಿಲ್ಲ. ಯಾರೂ ಊಹಿಸದ ಹೊಸ ಬಗೆಯದೇನಾದರೂ ಬಂದರೆ? ಅದಕ್ಕೆಂದೇ ಬಹಳಷ್ಟು ವೀಕ್ಷಣಾಲಯಗಳಲ್ಲಿ ನಿರ್ದೇಶಕರ ವಿವೇಚನೆಗೆ ಬಿಟ್ಟ ಒಂದಿಷ್ಟು ಸಮಯ ಇರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ಎರಡೂ ಇರಬೇಕು. ಬರೀ ನಿಯಮ ಇದ್ದರೆ ಅಪರೂಪದ್ದು ತಪ್ಪಿಹೋಗುತ್ತದೆ, ಬರೀ ವಿವೇಚನೆ ಇದ್ದರೆ ಪರಿಚಯ ಇದ್ದವರ ಫೋನು ಮೊದಲು ರಿಂಗಾಗುತ್ತದೆ.

ಫೋನು ಬಂದ ಮೇಲೆ

ಸುದ್ದಿ ಬಂತು, ಷರತ್ತಿಗೆ ಹೊಂದಿತು. ಹಾಗಂತ ತಕ್ಷಣ ಗುಂಡಿ ಒತ್ತುವುದಿಲ್ಲ. ಮೊದಲ ಪ್ರಶ್ನೆ, ಅದು ಇವತ್ತು ನಮ್ಮ ಆಕಾಶದಲ್ಲಿ ಎಷ್ಟು ಹೊತ್ತು ಇರುತ್ತದೆ, ಎಷ್ಟು ಮೇಲೆ ಇರುತ್ತದೆ? ದಿಗಂತದ ಹತ್ತಿರ ಇದ್ದರೆ ಬೆಳಕು ದಪ್ಪ ಗಾಳಿಯ ಪದರ ದಾಟಿ ಬರಬೇಕು, ಚಿತ್ರ ಕಲಸಿಹೋಗುತ್ತದೆ. ಸಾಮಾನ್ಯವಾಗಿ ದಿಗಂತದಿಂದ ಮೂವತ್ತು ಡಿಗ್ರಿಗಿಂತ ಕೆಳಗೆ ಇದ್ದರೆ ಹಿಂದೆಮುಂದೆ ನೋಡುತ್ತಾರೆ. ಚಂದ್ರ ಎಲ್ಲಿದ್ದಾನೆ? ಹುಣ್ಣಿಮೆಯ ಹತ್ತಿರವಾದರೆ ಮಸುಕು ಚುಕ್ಕಿಗಳ ಆಸೆ ಬಿಡಬೇಕು. ಎಂ101ರ ವಿಷಯದಲ್ಲಿ ಎರಡೂ ಅದೃಷ್ಟ ಕೂಡಿಬಂದಿತ್ತು. ಅಮಾವಾಸ್ಯೆ, ಮೇಲಾಗಿ ಮೇ ತಿಂಗಳಲ್ಲಿ ಸಪ್ತರ್ಷಿ ಮಂಡಲ ಸಂಜೆಯಿಂದಲೇ ಎತ್ತರದಲ್ಲಿರುತ್ತದೆ.

ಎರಡನೆಯದು ಉಪಕರಣ. ದೂರದರ್ಶಕದ ಕನ್ನಡಿ ಒಂದೇ ಆದರೂ ಅದರ ಹಿಂದೆ ಕೂರುವ ಯಂತ್ರಗಳು ಬೇರೆ ಬೇರೆ. ಚಂದ್ರ ದೂರದರ್ಶಕದಲ್ಲಿ ಮಸುಕು ಕಾಯಗಳ ಚಿತ್ರವನ್ನೂ ರೋಹಿತವನ್ನೂ ತೆಗೆಯುವ ಒಂದು, ಅವಕೆಂಪು ಬೆಳಕಿಗೆ ಒಂದು, ಪ್ರಕಾಶಮಾನ ನಕ್ಷತ್ರಗಳ ರೋಹಿತವನ್ನು ಬಹಳ ಸೂಕ್ಷ್ಮವಾಗಿ ಬಿಡಿಸಲು ಇನ್ನೊಂದು ಇವೆ. ಆ ರಾತ್ರಿಯ ಪಾಳಿಯವರು ಬಳಸುತ್ತಿರುವುದು ಒಂದು, ತುರ್ತಿನವರಿಗೆ ಬೇಕಾದದ್ದು ಇನ್ನೊಂದು ಆದರೆ ಬದಲಿಸುವ ಸಮಯವೂ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಎಷ್ಟು ಹೊತ್ತು ಬೆಳಕು ಹಿಡಿಯಬೇಕೆಂಬ ಲೆಕ್ಕ. ಹೊಳೆಯುವ ಚುಕ್ಕಿಗೆ ಕೆಲವು ನಿಮಿಷ ಸಾಕು, ಮಸುಕಾದದ್ದಕ್ಕೆ ಗಂಟೆಗಟ್ಟಲೆ ಬೇಕು. ಅದರ ಜೊತೆಗೆ, ಗುಣ ಮೊದಲೇ ಗೊತ್ತಿರುವ ಒಂದು ನಕ್ಷತ್ರವನ್ನೂ ದೀಪವೊಂದನ್ನೂ ಅದೇ ಜೋಡಣೆಯಲ್ಲಿ ನೋಡಬೇಕು. ತಕ್ಕಡಿಗೆ ತೂಕದ ಕಲ್ಲು ಇದ್ದಂತೆ ಅವು. ಅವಸರದಲ್ಲಿ ಇದನ್ನು ಬಿಟ್ಟರೆ ತೆಗೆದ ರೋಹಿತಕ್ಕೆ ಅರ್ಧ ಬೆಲೆ. ಕೊನೆಗೆ ಒಂದು ಗುರುತಿನ ಚಿತ್ರ, ಅಂದರೆ ಸುತ್ತಲಿನ ನಕ್ಷತ್ರಗಳ ನಡುವೆ ಹೊಸ ಚುಕ್ಕಿ ಯಾವುದು ಎಂದು ಬಾಣ ಹಾಕಿ ತೋರಿಸಿದ್ದು. ರಾತ್ರಿ ಎರಡು ಗಂಟೆಗೆ ಹೊಸಕೋಟೆಯಲ್ಲಿ ಕೂತಿರುವ, ಈ ಸೂಪರ್‌ನೋವಾಕ್ಕೆ ಸಂಬಂಧವೇ ಇಲ್ಲದ ವೀಕ್ಷಕರೊಬ್ಬರಿಗೆ ಯಾವ ಅನುಮಾನವೂ ಬಾರದಂತೆ ಇದೆಲ್ಲವನ್ನೂ ಅರ್ಧ ಪುಟದಲ್ಲಿ ಬರೆದು ಕಳಿಸಬೇಕು. ಸಂವಹನ ಓದಿದ ನಮಗೆ ಈ ಅರ್ಧ ಪುಟವೇ ಇಡೀ ವ್ಯವಸ್ಥೆಯಲ್ಲಿ ಕುತೂಹಲದ ಜಾಗ. ಒಂದು ಅಂಕಿ ತಪ್ಪಿದರೆ ದೂರದರ್ಶಕ ಖಾಲಿ ಆಕಾಶ ನೋಡುತ್ತದೆ.

ಜಗತ್ತಿನ ದೊಡ್ಡ ದೂರದರ್ಶಕಗಳಲ್ಲಿ ಈ ಅರ್ಧ ಪುಟವನ್ನೂ ಯಂತ್ರಕ್ಕೆ ಒಪ್ಪಿಸಿದ್ದಾರೆ. ಚಿಲಿಯ ಪರಾನಾಲ್ ಬೆಟ್ಟದ ಮೇಲಿನ 8.2 ಮೀಟರಿನ ದೂರದರ್ಶಕಗಳಿಗೆ ಶೀಘ್ರ ಸ್ಪಂದನೆಯ ಒಂದು ವಿಧಾನವಿದೆ. ಗ್ಯಾಮಾ ಕಿರಣ ಸ್ಫೋಟದಂಥದ್ದು ನಡೆದರೆ, ಒಪ್ಪಿಗೆ ಪಡೆದ ತಂಡದ ಗಣಕದಿಂದ ಸಂದೇಶ ಹೋಗುತ್ತದೆ, ನಡೆಯುತ್ತಿರುವ ವೀಕ್ಷಣೆ ನಿಲ್ಲುತ್ತದೆ, ಕೆಲವೇ ನಿಮಿಷಗಳಲ್ಲಿ ದೂರದರ್ಶಕ ಹೊಸ ದಿಕ್ಕಿಗೆ ತಿರುಗಿರುತ್ತದೆ.

ಬಿಟ್ಟುಕೊಟ್ಟವರ ಪಾಲು

ಯಾರದೋ ಗಂಟೆಯನ್ನು ಕಿತ್ತುಕೊಂಡದ್ದು ಸುದ್ದಿಯಲ್ಲಿ ಬರುವುದಿಲ್ಲ. ಆ ಯಾರೋ ಒಬ್ಬರು ದೂರದ ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದುಹೋಗುವುದನ್ನು ಐದು ಗಂಟೆ ಎಡೆಬಿಡದೆ ನೋಡುತ್ತಿದ್ದರೆ? ನಡುವೆ ಒಂದು ಗಂಟೆ ಹೋದರೆ ಉಳಿದ ನಾಲ್ಕಕ್ಕೂ ಅರ್ಥವಿಲ್ಲ. ಅವರದ್ದೂ ಮತ್ತೆ ಬಾರದ ಕ್ಷಣವೇ. ಹಾಗಾಗಿ ಅನೇಕ ಕಡೆ ಇಂಥ ವೀಕ್ಷಣೆಗಳನ್ನು ಮುಟ್ಟುವಂತಿಲ್ಲ ಎಂಬ ನಿಯಮವಿದೆ. ಕೆಲವೆಡೆ ಕಳೆದುಕೊಂಡ ಗಂಟೆಗಳನ್ನು ಆಮೇಲೆ ತುಂಬಿಕೊಡುತ್ತಾರೆ. ಆದರೆ ಮೋಡ, ಚಂದ್ರ, ಋತು ಇವುಗಳ ನಡುವೆ ಅದೇ ಬೆಲೆಯ ಗಂಟೆ ವಾಪಸು ಸಿಗುವುದು ಅಷ್ಟಕ್ಕಷ್ಟೇ.

ಭಾರತದ ಸೂಪರ್‌ನೋವಾ ಅಧ್ಯಯನಗಳನ್ನು ಓದುವಾಗ ನಮಗೆ ಹಿಡಿಸಿದ ಒಂದು ವಿಷಯವಿದೆ. ಚಂದ್ರ ದೂರದರ್ಶಕ ಬಳಸಿದ ಹಲವು ಪ್ರಬಂಧಗಳ ಕೊನೆಯಲ್ಲಿ, ತಮ್ಮ ವೀಕ್ಷಣೆಯ ಸಮಯದಲ್ಲಿ ಒಂದು ಪಾಲನ್ನು ಈ ಸೂಪರ್‌ನೋವಾಕ್ಕೆ ಬಿಟ್ಟುಕೊಟ್ಟ ಎಲ್ಲ ವೀಕ್ಷಕರಿಗೂ ಧನ್ಯವಾದ ಹೇಳುವ ಒಂದು ಸಾಲು ಇರುತ್ತದೆ. ಸೂಪರ್‌ನೋವಾ ಅಂದರೆ ಒಂದು ರಾತ್ರಿಯ ಕೆಲಸ ಅಲ್ಲ. ಏರುವಾಗ, ಇಳಿಯುವಾಗ, ತಿಂಗಳುಗಟ್ಟಲೆ, ಅವರಿವರ ರಾತ್ರಿಗಳಿಂದ ಅರ್ಧ ಗಂಟೆ ಮುಕ್ಕಾಲು ಗಂಟೆ ಕೂಡಿಸಿಕೊಂಡೇ ಆ ರೇಖಾಚಿತ್ರದ ಚುಕ್ಕಿಗಳು ತುಂಬಿರುತ್ತವೆ. 2014ರ ಜನವರಿಯಲ್ಲಿ ಎಂ82 ಗ್ಯಾಲಕ್ಸಿಯಲ್ಲಿ ಕಂಡ ಎಸ್‌ಎನ್ 2014ಜೆ ಅನ್ನೂ ಇದೇ ದೂರದರ್ಶಕ ಬೆನ್ನಟ್ಟಿತ್ತು. ಅದನ್ನು ಮೊದಲು ಕಂಡದ್ದು ಲಂಡನ್ನಿನ ಒಂದು ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ, ಮೋಡ ಕವಿಯುವ ಮುನ್ನ ಸಿಕ್ಕ ಅಲ್ಪ ಸಮಯದಲ್ಲಿ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದ ಅಧ್ಯಾಪಕರು.

ಎಷ್ಟು ಅವಸರ ಮಾಡಿದರೂ ಸಿಗದಿದ್ದಾಗ

2017ರ ಆಗಸ್ಟ್ 17ರ ಸಂಜೆ 6 ಗಂಟೆ 11 ನಿಮಿಷಕ್ಕೆ, ನಮ್ಮ ಗಡಿಯಾರದ ಪ್ರಕಾರ, ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದ ಗುರುತ್ವ ಅಲೆ ಭೂಮಿಯನ್ನು ದಾಟಿತು. ಸುಮಾರು 1.7 ಸೆಕೆಂಡಿನ ನಂತರ ಗ್ಯಾಮಾ ಕಿರಣ. ಜಗತ್ತಿನ ದೂರದರ್ಶಕಗಳೆಲ್ಲ ಎದ್ದು ಕೂತವು. ಆದರೆ ಗುರುತ್ವ ಅಲೆಯ ಯಂತ್ರಗಳು ಹೇಳಿದ್ದು "ಇಲ್ಲೇ ಎಲ್ಲೋ" ಎಂದು ಮಾತ್ರ. ಆ ಇಲ್ಲೇ ಎಲ್ಲೋ ಅಂದರೆ ಆಕಾಶದ 28 ಚದರ ಡಿಗ್ರಿ, ಸುಮಾರು 140 ಪೂರ್ಣಚಂದ್ರರನ್ನು ಜೋಡಿಸಿಟ್ಟಷ್ಟು ಜಾಗ.

ದೊಡ್ಡ ದೂರದರ್ಶಕ ಎಲ್ಲವನ್ನೂ ನೋಡುತ್ತದೆ ಎಂಬ ಇನ್ನೊಂದು ನಂಬಿಕೆ ಇಲ್ಲಿ ಮುರಿಯುತ್ತದೆ. ದೊಡ್ಡದಾದಷ್ಟೂ ಆಳಕ್ಕೆ ನೋಡುತ್ತದೆ ನಿಜ, ಆದರೆ ಸಾಮಾನ್ಯವಾಗಿ ಕಿರಿದಾದ ಕಿಂಡಿಯಲ್ಲಿ ನೋಡುತ್ತದೆ. ಚಂದ್ರ ದೂರದರ್ಶಕದ ಮುಖ್ಯ ಕ್ಯಾಮೆರಾ ಒಂದು ಸಲಕ್ಕೆ ಕಾಣುವುದು ಡಿಗ್ರಿಯ ಆರನೇ ಒಂದು ಭಾಗ ಉದ್ದ, ಅಷ್ಟೇ ಅಗಲ. 28 ಚದರ ಡಿಗ್ರಿಯನ್ನು ಅದರಿಂದ ಗುಡಿಸಬೇಕೆಂದರೆ ಸಾವಿರ ಸಲ ತಿರುಗಿಸಬೇಕು. 2018ರಿಂದ ಪಕ್ಕದಲ್ಲೇ ಕೆಲಸ ಮಾಡುತ್ತಿರುವ, ಭಾರತೀಯ ಖಭೌತ ಸಂಸ್ಥೆ ಮತ್ತು ಬಾಂಬೆ ಐಐಟಿ ಸೇರಿ ಕಟ್ಟಿದ ಗ್ರೋತ್-ಇಂಡಿಯಾ ಕನ್ನಡಿಯಲ್ಲಿ ಚಿಕ್ಕದು, ಆದರೆ ಅದರ ಕಿಂಡಿ ಅಗಲ. ಅದಕ್ಕೆ ಅರವತ್ತರ ಆಸುಪಾಸು ಸಲ ಸಾಕು. ಚಿಕ್ಕದು ಹುಡುಕಬೇಕು, ದೊಡ್ಡದು ವಿಚಾರಿಸಬೇಕು. ಅರ್ಧ ಯೋಜನೆ ಈ ಕೆಲಸ ಹಂಚಿಕೆಯಲ್ಲೇ ಇದೆ.

2017ರಲ್ಲಿ ಡಿಕ್ಕಿಯ ಜಾಗ ಸಿಕ್ಕಿದ್ದು ಸುಮಾರು 11 ಗಂಟೆಗಳ ನಂತರ, ಚಿಲಿಯ ಒಂದು ಮೀಟರಿನ ಸ್ವೋಪ್ ದೂರದರ್ಶಕಕ್ಕೆ. ಗ್ಯಾಲಕ್ಸಿ ಎನ್‌ಜಿಸಿ 4993, ದೂರ 13 ಕೋಟಿ ಜ್ಯೋತಿರ್ವರ್ಷ. ನಮ್ಮಲ್ಲಿ ಆಗ ಬೆಳಗಿನ ಐದು. ಮುಂದಿನ ಸಂಜೆ ಹಾನ್ಲೆಯಿಂದ ನೋಡೋಣವೆಂದರೆ ಆ ಗ್ಯಾಲಕ್ಸಿ ದಕ್ಷಿಣದ ಆಕಾಶದಲ್ಲಿ, ಸೂರ್ಯ ಮುಳುಗಿ ಎರಡು ಗಂಟೆಯೊಳಗೆ ತಾನೂ ಮುಳುಗುತ್ತಿತ್ತು. ಕತ್ತಲು ಪೂರ್ತಿ ಇಳಿಯುವುದಕ್ಕೇ ಅದರಲ್ಲಿ ಹೆಚ್ಚಿನ ಹೊತ್ತು ಹೋಗುತ್ತದೆ. ಸಮಿತಿ, ಅರ್ಜಿ, ಫೋನು ಎಲ್ಲ ಸರಿಯಿದ್ದರೂ ಭೂಮಿ ತಿರುಗುವುದನ್ನು ಏನೂ ಮಾಡಲಾಗದು. ಭಾರತ ಆ ಘಟನೆಯಲ್ಲಿ ಪಾಲು ಪಡೆದದ್ದು ಹಗಲು ರಾತ್ರಿಯ ಭೇದವಿಲ್ಲದ ರೇಡಿಯೋ ಅಲೆಯಲ್ಲಿ, ಪುಣೆ ಹತ್ತಿರದ ಜಿಎಂಆರ್‌ಟಿ ಆಂಟೆನಾಗಳಿಂದ.

ಇದಕ್ಕೆ ವಿರುದ್ಧದ ಲಾಭವೂ ಉಂಟು. ಹಾನ್ಲೆ ಇರುವುದು ಪೂರ್ವ ರೇಖಾಂಶ 79 ಡಿಗ್ರಿಯಲ್ಲಿ. ಯುರೋಪಿನ ಕೆನರಿ ದ್ವೀಪಗಳಿಗೂ ಆಸ್ಟ್ರೇಲಿಯಾಕ್ಕೂ ನಡುವಿನ ಈ ಹರವಿನಲ್ಲಿ ದೊಡ್ಡ ದೂರದರ್ಶಕಗಳು ವಿರಳ. ಅಲ್ಲಿ ಹಗಲಾದಾಗ ಇಲ್ಲಿ ರಾತ್ರಿ. ಬೇಗ ಬದಲಾಗುವ ಚುಕ್ಕಿಯನ್ನು ಕಣ್ಣು ಮಿಟುಕಿಸದೆ ನೋಡಬೇಕಾದರೆ ರಿಲೇ ಓಟದ ಕೋಲನ್ನು ನಡುವೆ ಹಿಡಿಯುವವರು ಬೇಕು. ನೈನಿತಾಲ್ ಹತ್ತಿರದ ದೇವಸ್ಥಲದಲ್ಲಿ 2016ರಿಂದ ಇರುವ 3.6 ಮೀಟರಿನ ದೂರದರ್ಶಕಕ್ಕೂ ಇದೇ ಅನುಕೂಲ.

ಉಪಗ್ರಹಗಳಿಗೆ ಮೋಡ, ಹಗಲು ಯಾವುದರ ಕಾಟವಿಲ್ಲ ಎಂದು ತೋರಬಹುದು. ಅವುಗಳ ಕಟ್ಟುಪಾಡು ಬೇರೆ. ಆಸ್ಟ್ರೋಸ್ಯಾಟ್ ಅನ್ನು ಸೂರ್ಯನ ಹತ್ತಿರದ ದಿಕ್ಕಿಗೆ ತಿರುಗಿಸುವಂತಿಲ್ಲ. ಅದರ ಅತಿನೇರಳೆ ದೂರದರ್ಶಕದ ಕಿಂಡಿಯೊಳಗೆ ಪ್ರಖರ ನಕ್ಷತ್ರ ಬಂದರೆ ಸಂವೇದಕ ಹಾಳಾಗುತ್ತದೆ, ಆದ್ದರಿಂದ ಗುರಿಯ ಸುತ್ತಮುತ್ತಲ ನಕ್ಷತ್ರಗಳನ್ನೆಲ್ಲ ಪರಿಶೀಲಿಸಿದ ಮೇಲೆಯೇ ಬೆಂಗಳೂರಿನಿಂದ ಆಜ್ಞೆ ಹೋಗುತ್ತದೆ.

ಎಚ್ಚರಿಕೆಗಳ ಮಳೆ

ಹಿಂದೆ ಇಂಥ ಸುದ್ದಿ ನಿಜವಾಗಿಯೂ ತಂತಿಯಲ್ಲಿ ಬರುತ್ತಿತ್ತು. ಖಗೋಳದ ತಂತಿ ಸುದ್ದಿಗಳಿಗೆಂದೇ ಕೋಪನ್‌ಹೇಗನ್ನಿನಲ್ಲಿ ಒಂದು ಕೇಂದ್ರವಿತ್ತು, 1960ರ ದಶಕದಲ್ಲಿ ಅದು ಅಮೆರಿಕಕ್ಕೆ ಹೋಯಿತು. ಈಗ 2016ರಿಂದ ಹೊಸ ಚುಕ್ಕಿಗಳಿಗೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಒಂದು ಅಧಿಕೃತ ದಾಖಲೆ ತಾಣವಿದೆ. ಅಲ್ಲಿ ಹೆಸರು ಬೀಳುತ್ತದೆ. ಚಿಲಿಯಲ್ಲಿ 2025ರ ಜೂನಿನಲ್ಲಿ ಮೊದಲ ಚಿತ್ರಗಳನ್ನು ತೋರಿಸಿದ ವೆರಾ ರೂಬಿನ್ ವೀಕ್ಷಣಾಲಯದಿಂದ ಒಂದು ರಾತ್ರಿಗೆ ಒಂದು ಕೋಟಿಯವರೆಗೆ "ಇಲ್ಲಿ ಏನೋ ಬದಲಾಗಿದೆ" ಎಂಬ ಎಚ್ಚರಿಕೆಗಳನ್ನು ನಿರೀಕ್ಷಿಸಲಾಗಿದೆ. ಅದರಲ್ಲಿ ಬಹುಪಾಲು ಸುಮ್ಮನೆ ಮಿನುಗುವ ನಕ್ಷತ್ರ, ದಾರಿಯಲ್ಲಿ ಹೋಗುವ ಕ್ಷುದ್ರಗ್ರಹ, ಕ್ಯಾಮೆರಾದ ಕಸ. ಜರಡಿ ಹಿಡಿಯುವ ಕೆಲಸ ಗಣಕಗಳದ್ದು. ಜರಡಿಯಲ್ಲಿ ಉಳಿದದ್ದರಲ್ಲಿ ಯಾವುದಕ್ಕೆ ಒಬ್ಬ ವಿದ್ಯಾರ್ಥಿಯ ರಾತ್ರಿಯನ್ನು ಮುರಿಯಬಹುದು ಎಂಬ ತೀರ್ಮಾನವನ್ನು ಸದ್ಯಕ್ಕೆ ಪೂರ್ತಿಯಾಗಿ ಗಣಕಕ್ಕೆ ಬಿಡುವುದು ನಮಗಂತೂ ಸರಿ ಕಾಣುವುದಿಲ್ಲ.

ಹಾಗಾದರೆ ಹವ್ಯಾಸಿಗಳ ಕಾಲ ಮುಗಿಯಿತೇ? 2023ರ ಮೇ ತಿಂಗಳಲ್ಲಿ ಹಾಗೇನೂ ಕಾಣಲಿಲ್ಲ. ಇಟಾಗಾಕಿ ಅವರ ವರದಿ ಬಂದ ಮೇಲೆ ಬೇರೆ ಬೇರೆ ದೇಶಗಳ ಹವ್ಯಾಸಿಗಳು ತಮ್ಮ ಹಿಂದಿನ ರಾತ್ರಿಗಳ ಎಂ101 ಚಿತ್ರಗಳನ್ನು ತೆಗೆದು ನೋಡಿದರು. ಚೆಂದಕ್ಕೆಂದು ತೆಗೆದ ಚಿತ್ರಗಳು ಅವು. ಕೆಲವದರಲ್ಲಿ ಚುಕ್ಕಿ ಇರಲಿಲ್ಲ, ಕೆಲವದರಲ್ಲಿ ಮಸುಕಾಗಿ ಆಗಲೇ ಇತ್ತು. ಇದ್ದದ್ದು ಇಲ್ಲದ್ದು ಎರಡನ್ನೂ ಸಾಲಾಗಿ ಜೋಡಿಸಿದಾಗ, ಸಿಡಿತದ ಮೊದಲ ಬೆಳಕು ನಮ್ಮನ್ನು ಮುಟ್ಟಿದ್ದು ಮೇ 18ರ ರಾತ್ರಿ ಹನ್ನೊಂದೂವರೆ ಸುಮಾರಿಗೆ, ಅಂದರೆ ಇಟಾಗಾಕಿ ನೋಡುವ ಒಂದು ದಿನ ಮೊದಲು, ಎಂದು ತಿಳಿಯಿತು. ಆ ಹೊತ್ತಿಗೆ ಯಾವ ಸಮಿತಿಗೂ ಸುದ್ದಿ ಗೊತ್ತಿರಲಿಲ್ಲ, ಯಾವ ತುರ್ತು ಪಾಳಿಯೂ ಶುರುವಾಗಿರಲಿಲ್ಲ.

ಹರಪನಹಳ್ಳಿಯಿಂದ ಎಂ101 ಮೇ ತಿಂಗಳ ರಾತ್ರಿಗಳಲ್ಲಿ ಉತ್ತರ ದಿಕ್ಕಿನಲ್ಲಿ ಐವತ್ತು ಡಿಗ್ರಿ ಎತ್ತರಕ್ಕೆ ಏರುತ್ತದೆ. ಆ ಸೂಪರ್‌ನೋವಾ ಹೆಚ್ಚು ಬೆಳಗಿದ ದಿನಗಳಲ್ಲಿ ಆರು ಇಂಚಿನ ದೂರದರ್ಶಕ ಇದ್ದವರಿಗೆ ಊರ ದೀಪಗಳಿಂದ ದೂರ, ಉಚ್ಚಂಗಿದುರ್ಗದ ಕಡೆಯ ಹೊಲಗಳಲ್ಲಿ ನಿಂತರೂ ಅದು ಸಿಗುವಷ್ಟಿತ್ತು. ಇಂಥ ಚಿತ್ರ ತೆಗೆಯುವವರು ಕ್ಯಾಮೆರಾದ ಗಡಿಯಾರವನ್ನು ಸರಿಯಾಗಿ ಹೊಂದಿಸಿಟ್ಟಿರಬೇಕು, ಮೂಲ ಫೈಲನ್ನು ಅಳಿಸಬಾರದು. ಎಷ್ಟು ಹೊತ್ತಿಗೆ ತೆಗೆದದ್ದು ಎಂಬುದು ಗೊತ್ತಿಲ್ಲದಿದ್ದರೆ ಚುಕ್ಕಿ ಎಷ್ಟು ಚೆನ್ನಾಗಿ ಮೂಡಿದ್ದರೂ ಆ ಸಾಲಿನಲ್ಲಿ ಅದನ್ನು ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ.